ಸೊಂಟದ ಮೂಳೆಗೆ ಸೂಜಿ: ಬೋನ್ ಮ್ಯಾರೋ ಟೆಸ್ಟ್ ಮಾಡಿಸಿಕೊಂಡ ನನ್ನ ಅನುಭವ

ನಾನು ಮಂಡ್ಯದವನು, ಬಸ್ ಕಂಡಕ್ಟರ್. ನಮ್ಮ ಕೆಲಸದಲ್ಲಿ ಬೆನ್ನುನೋವು ಇಲ್ಲದವರನ್ನು ಹುಡುಕಬೇಕು. ಆದರೆ ನನಗೆ ನೋವಿನ ಜೊತೆ ಸುಸ್ತೂ ಜಾಸ್ತಿ ಆಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಇಎಸ್‌ಆರ್, ಅಂದರೆ ಮೈಯಲ್ಲಿ ಏನೋ ತೊಂದರೆ ಇರಬಹುದು ಅಂತ ಸುಳಿವು ಕೊಡುವ ಲೆಕ್ಕ, ಎಲ್ಲೋ ಮೇಲೆ ಹೋಗಿತ್ತು. ಆಮೇಲೆ ರಕ್ತದಲ್ಲಿರುವ ಪ್ರೋಟೀನ್‌ಗಳನ್ನು ಬೇರೆ ಮಾಡಿ ನೋಡುವ ಎಲೆಕ್ಟ್ರೋಫೊರೆಸಿಸ್ ಅನ್ನುವ ಪರೀಕ್ಷೆ. ಅದರಲ್ಲಿ ಎಂ ಬ್ಯಾಂಡ್ ಬಂತು. ಅಂದರೆ ಒಂದೇ ಥರದ ಪ್ರೋಟೀನ್ ಬೇಕಿಲ್ಲದಷ್ಟು ತಯಾರಾಗುತ್ತಿದೆ. ಅದನ್ನು ತಯಾರಿಸುವ ಪ್ಲಾಸ್ಮಾ ಕಣಗಳು ಇರುವುದು ಮೂಳೆ ಒಳಗಿನ ಮಜ್ಜೆಯಲ್ಲಿ. ಅವು ನೂರಕ್ಕೆ ಎಷ್ಟಿವೆ ಅಂತ ಎಣಿಸಬೇಕು, ಅದಕ್ಕೆ ಮಜ್ಜೆಯನ್ನೇ ತೆಗೆದು ನೋಡಬೇಕು ಅಂತ ಮೈಸೂರಿನ ರಕ್ತದ ಡಾಕ್ಟರ್ ಹೇಳಿದರು.

ಸುದ್ದಿ ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ಬೆನ್ನುಹುರಿಗೆ ಸೂಜಿ ಹಾಕ್ತಾರಂತೆ, ಕಾಲು ಹೋಗಿಬಿಡುತ್ತಂತೆ ಅಂತ ನೆಂಟರೆಲ್ಲ ಹೆದರಿಸಿದರು. ಹಾಗೇನೂ ಇಲ್ಲ. ಸೂಜಿ ಹಾಕುವುದು ಸೊಂಟದ ಹಿಂದೆ, ಅಂಡಿನ ಮೇಲ್ಭಾಗದಲ್ಲಿ ಗಟ್ಟಿಯಾಗಿ ಕೈಗೆ ಸಿಗುವ ಮೂಳೆಗೆ. ಬೆನ್ನುಹುರಿ ಅದಕ್ಕಿಂತ ಎಷ್ಟೋ ಮೇಲೆಯೇ ಮುಗಿದುಹೋಗಿರುತ್ತದೆ. ದೊಡ್ಡವರಲ್ಲಿ ಮಜ್ಜೆ ಚೆನ್ನಾಗಿ ಉಳಿದಿರುವುದು ಸೊಂಟ, ಎದೆಗೂಡು, ಬೆನ್ನುಮೂಳೆ ಇಂಥ ಕಡೆ. ಅದರಲ್ಲಿ ಸೊಂಟ ಸುಲಭ, ಹತ್ತಿರದಲ್ಲಿ ಹೆದರುವಂಥ ಅಂಗ ಯಾವುದೂ ಇಲ್ಲ.

ಒಂದು ವಿಷಯ ಯಾರೂ ಹೇಳುವುದಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಯಾವ ಕಡೆ ಮಾಡಬೇಕು ಅಂತ ನಾವು ಕೇಳಬಹುದು. ಓಡುವ ಬಸ್ಸಿನಲ್ಲಿ ಒಂದು ಕೈಯಲ್ಲಿ ಮೆಷಿನ್, ಇನ್ನೊಂದು ಕೈಯಲ್ಲಿ ಚಿಲ್ಲರೆ. ಹಿಡಿದುಕೊಳ್ಳುವುದಕ್ಕೆ ಮೂರನೇ ಕೈ ಇಲ್ಲ. ಸೀಟಿನ ಕಂಬಿಗೆ ಸೊಂಟ ಒತ್ತಿ ನಿಲ್ಲುತ್ತೇವೆ. ನಾನು ಒರಗುವುದು ಬಲಗಡೆ. ಡಾಕ್ಟರಿಗೆ ಹೇಳಿದೆ, ಅವರು ನಕ್ಕು ಎಡಗಡೆಯೇ ಮಾಡೋಣ ಅಂದರು. ಟೈಲರ್ ಇರಲಿ, ಮಗು ಎತ್ತಿಕೊಳ್ಳುವ ತಾಯಿ ಇರಲಿ, ದಿನಾ ಭಾರ ಬೀಳುವ ಕಡೆ ಯಾವುದು ಅಂತ ಮೊದಲೇ ಯೋಚಿಸಿ ಹೇಳುವುದು ಒಳ್ಳೆಯದು.

ನನಗೆ ಮಂಪರು ಬರಿಸುವ ಔಷಧಿ ಕೊಡುವುದಿಲ್ಲ, ಆ ಜಾಗ ಮಾತ್ರ ಮರಗಟ್ಟಿಸುತ್ತೇವೆ ಅಂದಿದ್ದರು. ಹಾಗಾಗಿ ಉಪವಾಸ ಬೇಕಿರಲಿಲ್ಲ. ಎರಡು ಇಡ್ಲಿ ತಿಂದು, ಬಿಪಿ ಮಾತ್ರೆ ನುಂಗಿಕೊಂಡು ಹೋದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಮಾತ್ರ ಅದನ್ನು ಮೊದಲೇ ಹೇಳಲೇಬೇಕು, ತಾವಾಗಿಯೇ ನಿಲ್ಲಿಸಲೂಬಾರದು.

ಬಲಕ್ಕೆ ಮಗ್ಗುಲಾಗಿ, ಮಂಡಿ ಎದೆಗೆ ಎಳೆದುಕೊಂಡು ಮಲಗಿಸಿದರು. ಬೆಟಾಡಿನ್ ತಣ್ಣಗೆ ಹರಿಯಿತು. ಡಾಕ್ಟರ್ ಹೆಬ್ಬೆರಳಿನಿಂದ ಮೂಳೆಯ ಅಂಚು ಹುಡುಕಿ ಅಲ್ಲೇ ಒತ್ತಿ ಹಿಡಿದರು. ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್ ಚೆನ್ನಾಗಿಯೇ ಉರಿಯುತ್ತದೆ. ಮೊದಲು ಚರ್ಮಕ್ಕೆ, ಆಮೇಲೆ ಆಳಕ್ಕೆ, ಮೂಳೆಯ ಮೇಲಿನ ಪೊರೆಗೆ. ಸ್ವಲ್ಪ ಹೊತ್ತು ಬಿಟ್ಟು ಚುಚ್ಚಿ ನೋಡಿದರು, ಗೊತ್ತಾಗಲಿಲ್ಲ. ಆಮೇಲೆ ದಪ್ಪ ಸೂಜಿ. ಅದನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಒಳಗೆ ಒತ್ತುತ್ತಾರೆ. ನೋವಲ್ಲ, ಬರೀ ಒತ್ತಡ. ಆದರೆ ಎಷ್ಟು ಒತ್ತುತ್ತಾರೆ ಅಂದರೆ ಮಂಚವೇ ಅಲುಗುತ್ತದೆ.

ನಿಜವಾದ ನೋವು ಒಂದೇ ಕಡೆ ಬರುವುದು. ಸೂಜಿಗೆ ಸಿರಿಂಜ್ ಸಿಕ್ಕಿಸಿ ಮಜ್ಜೆ ಎಳೆಯುವಾಗ. ಎಷ್ಟು ಇಂಜೆಕ್ಷನ್ ಕೊಟ್ಟರೂ ಅದು ಮೂಳೆಯ ಒಳಗೆ ಹೋಗುವುದಿಲ್ಲ, ಹಾಗಾಗಿ ಎಳೆತ ಪೂರ್ತಿ ಗೊತ್ತಾಗುತ್ತದೆ. ಸೊಂಟದಿಂದ ತೊಡೆಯ ಹಿಂದೆ ಮಂಡಿವರೆಗೆ ಯಾರೋ ಜಗ್ಗಿದ ಹಾಗೆ ಆಯಿತು. ಬಾಯಲ್ಲಿ ‘ಅಯ್ಯಪ್ಪಾ’ ಅಂತ ಬಂತು. ಕೆಲವು ಸೆಕೆಂಡು ಅಷ್ಟೇ. ಸಿರಿಂಜ್ ನಿಂತ ತಕ್ಷಣ ನೋವೂ ನಿಂತಿತು. ನಾನು ಮೊದಲೇ ಕೇಳಿಕೊಂಡಿದ್ದೆ, ಎಳೆಯುವ ಮುಂಚೆ ಒಂದು ಮಾತು ಹೇಳಿ ಸರ್ ಅಂತ. ‘ಈಗ ಎಳೀತೀನಿ, ಉಸಿರು ಬಿಡಿ’ ಅಂದರು. ನಿಧಾನಕ್ಕೆ ಬಾಯಿಂದ ಉಸಿರು ಬಿಟ್ಟೆ. ಹೇಳದೆ ಎಳೆದಿದ್ದರೆ ನಾನು ಎಗರಿಬಿಡುತ್ತಿದ್ದೆ, ಖಂಡಿತ.

ಪಕ್ಕದಲ್ಲೇ ಟೆಕ್ನಿಷಿಯನ್ ಹುಡುಗಿ ಗಾಜಿನ ಸ್ಲೈಡ್ ಹಿಡಿದು ನಿಂತಿದ್ದಳು. ತೆಗೆದ ರಕ್ತವನ್ನು ತಕ್ಷಣ ಸ್ಲೈಡಿನ ಮೇಲೆ ಹಾಕಿ ಓರೆ ಮಾಡಿದಳು. ರಕ್ತ ಕೆಳಗೆ ಜಾರಿತು, ಮೇಲೆ ಸಣ್ಣ ಸಣ್ಣ ಬಿಳಿ ಕಾಳು ಉಳಿದವು. ‘ಪಾರ್ಟಿಕಲ್ಸ್ ಬಂದಿದೆ ಸರ್.’ ಮಜ್ಜೆ ಬಂದಿದೆ ಅನ್ನುವುದಕ್ಕೆ ಅದೇ ಗುರುತಂತೆ. ಅದು ಬರದಿದ್ದರೆ ಇನ್ನೊಂದು ಸಲ ಎಳೆಯಬೇಕು. ಆ ಹುಡುಗಿಯ ಮಾತು ಕೇಳಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ!

ಆಮೇಲೆ ಮೂಳೆಯ ಒಂದು ತುಂಡು ತೆಗೆದರು, ಬಯಾಪ್ಸಿ ಅನ್ನುವುದು ಇದಕ್ಕೇ. ಇದು ಒತ್ತಡವೇ ಜಾಸ್ತಿ. ತೋರಿಸಿ ಅಂದೆ. ಫಾರ್ಮಲಿನ್ ಶೀಶೆಯಲ್ಲಿ ಊದುಬತ್ತಿ ತುಂಡಿನಷ್ಟೇ ಇತ್ತು, ಸುಮಾರು 2 ಸೆಂಟಿಮೀಟರ್ ಉದ್ದ. ಇಷ್ಟಕ್ಕಾ ಇಷ್ಟೆಲ್ಲಾ ಅನ್ನಿಸಿತು. ಒಟ್ಟು ಅರ್ಧ ಗಂಟೆ ಕೆಲಸ. ಗಾಯಕ್ಕೆ ಹೊಲಿಗೆ ಇಲ್ಲ. ಗಾಜ್ ಇಟ್ಟು ಒತ್ತಿ ಹಿಡಿದು, ಪ್ಲಾಸ್ಟರ್ ಹಾಕಿ, ಅಂಗಾತ ಮಲಗಿಸಿದರು. ನಮ್ಮ ಮೈಭಾರವೇ ರಕ್ತ ನಿಲ್ಲಿಸುತ್ತದೆ.

ಕೈಗೆ ಕೊಟ್ಟ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಬರುವವರಲ್ಲಿ ಅರ್ಧ ಜನ ಹಳ್ಳಿಯವರು, ಒಂದು ಕನ್ನಡ ಚೀಟಿ ಅಚ್ಚು ಹಾಕಿಸುವುದು ಕಷ್ಟವಾ? ನರ್ಸ್ ಹತ್ತಿರ ಬಾಯಿಬಿಟ್ಟು ಕೇಳಿಸಿಕೊಂಡೆ. 24 ಗಂಟೆ ಪ್ಲಾಸ್ಟರ್ ಒದ್ದೆಯಾಗಬಾರದು. ಆಮೇಲೆ ತೆಗೆದು ಸ್ನಾನ ಮಾಡಬಹುದು, ಆದರೆ ಕೆಲವು ದಿನ ನೀರಿನಲ್ಲಿ ಮುಳುಗಬಾರದು. ವಿ.ಸಿ. ನಾಲೆಯಲ್ಲಿ ಈಜುವ ಅಭ್ಯಾಸ ಇರುವವರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಗಾಯ ಕೆಂಪಾಗಿ ಊದಿದರೆ ತಡಮಾಡದೆ ಹೋಗಬೇಕು. ನೋವಿಗೆ ಪ್ಯಾರಸಿಟಮಾಲ್ ಮಾತ್ರ. ಬ್ರುಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಥರದ್ದು ರಕ್ತಸ್ರಾವ ಜಾಸ್ತಿ ಮಾಡಬಹುದು. ಎಂ ಬ್ಯಾಂಡ್ ಇರುವವರಿಗೆ ಮೂತ್ರಪಿಂಡದ ಚಿಂತೆಯೂ ಇರುತ್ತದೆ, ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಬೆನ್ನುನೋವಿಗೆ ಸುಮ್ನೆ ಮಾತ್ರೆ ಕೇಳಿ ನುಂಗುವುದನ್ನು ನಿಲ್ಲಿಸಿ ಅಂತ ಡಾಕ್ಟರ್ ಬೇರೆಯಾಗಿ ಹೇಳಿದರು.

ವಾಪಸ್ ಮಂಡ್ಯಕ್ಕೆ ರೈಲಿನಲ್ಲಿ ಬಂದೆ. ಬಸ್ಸಿನವನಾಗಿ ಇದನ್ನು ಬರೆಯಬಾರದು, ಆದರೂ ಸತ್ಯ. ರೈಲಿನಲ್ಲಿ ಬೇಕೆಂದಾಗ ಏಳಬಹುದು, ಬೇಕೆಂದಾಗ ಕೂರಬಹುದು. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಮರಗಟ್ಟಿದ್ದು ಬಿಟ್ಟು ಜಾಗ ಮಿಡಿಯತೊಡಗಿತು. ಬಲ ಅಂಡಿನ ಮೇಲೆ ಭಾರ ಹಾಕಿ ಕೂತೆ. ಅದಕ್ಕಿಂತ ಮೊದಲು ಆಸ್ಪತ್ರೆಯಿಂದ ಸ್ಟೇಷನ್‌ವರೆಗಿನ ಆಟೋ ಪ್ರಯಾಣದಲ್ಲಿ ಪ್ರತಿ ಹಂಪ್ ಕೂಡ ಲೆಕ್ಕಕ್ಕೆ ಸಿಕ್ಕಿತ್ತು.

ಮನೆಯಲ್ಲಿ ಅರಿಶಿನ ಹಚ್ಚೋಣ, ಬಿಸಿ ಶಾಖ ಕೊಡೋಣ ಅಂದರು. ಎರಡೂ ಬೇಡ ಅಂದೆ. ಗಾಯ ಇದ್ದದ್ದು ಸರಿಯಾಗಿ ಪ್ಯಾಂಟಿನ ಬೆಲ್ಟ್ ಉಜ್ಜುವ ಕಡೆ, ಅದಕ್ಕೆ ಪಂಚೆ ಉಟ್ಟೆ. ಅದೂ ಗಂಟನ್ನು ಬಲಕ್ಕೆ ಸರಿಸಿ, ಸಡಿಲವಾಗಿ. ಗಾಯ ಮುಟ್ಟಿದರೆ ಏಟು ಬಿದ್ದ ಜಾಗದ ನೋವು, ಬಗ್ಗಿ ಚಪ್ಪಲಿ ಹಾಕುವಾಗ ಸ್ವಲ್ಪ ಜಾಸ್ತಿ. ಒಂದು ವಾರದೊಳಗೆ ಬಹುತೇಕ ಹೋಯಿತು. ಡ್ಯೂಟಿಗೆ ಹೋದ ಮೇಲೂ ಕ್ಯಾಶ್ ಬ್ಯಾಗನ್ನು ಎಡಕ್ಕೆ ಇಳಿಬಿಡಲಿಲ್ಲ. ಬಲಕ್ಕೆ ಒರಗಿ ನಿಲ್ಲುವುದಕ್ಕೆ ಏನೂ ತೊಂದರೆ ಆಗಲಿಲ್ಲ.

ಗಾಯಕ್ಕಿಂತ ರಿಪೋರ್ಟ್ ಕಾಯುವುದೇ ಕಷ್ಟ. ಸ್ಲೈಡಿನದ್ದು ಬೇಗ ಬಂತು, ಮೂಳೆ ತುಂಡಿನದ್ದು ತಡ. ಮೂಳೆ ಗಟ್ಟಿ ಅಲ್ವಾ, ಅದರ ಸುಣ್ಣ ಕರಗಿಸಿ ಮೆತ್ತಗೆ ಮಾಡಿದ ಮೇಲೆಯೇ ತೆಳ್ಳಗೆ ಕೊಯ್ಯಲು ಆಗುವುದು. ಇದು ಗೊತ್ತಿಲ್ಲದಿದ್ದರೆ ತಡವಾದಷ್ಟೂ ಏನೋ ಕೆಟ್ಟದ್ದೇ ಇದೆ ಅನ್ನಿಸುತ್ತದೆ. ಹಣ್ಣು ತಂದು ಕೂತು ‘ಕ್ಯಾನ್ಸರ್ ಅಂತೆ ಹೌದಾ?’ ಅಂತ ಕೇಳುವವರಿಗೆ ನನ್ನ ಹೆಂಡತಿ ಕಾಫಿ ಕೊಟ್ಟು ಮಳೆ ಬೆಳೆ ಮಾತಿಗೆ ಎಳೆದುಬಿಡುತ್ತಿದ್ದಳು.

ಪ್ಲಾಸ್ಮಾ ಕಣ ನೂರಕ್ಕೆ 10ರ ಒಳಗೇ ಇತ್ತು. ಮೂಳೆ, ಮೂತ್ರಪಿಂಡ, ಕ್ಯಾಲ್ಸಿಯಂ ಎಲ್ಲಾ ಸರಿ. ಎಂ ಬ್ಯಾಂಡ್ ಇದ್ದರೂ ಕ್ಯಾನ್ಸರ್ ಆಗಿಲ್ಲದ ಈ ಸ್ಥಿತಿಗೆ ಎಂಜಿಯುಎಸ್ ಅನ್ನುತ್ತಾರೆ, ಔಷಧಿ ಇಲ್ಲ, ಕಣ್ಣಿಟ್ಟಿರಬೇಕು ಅಷ್ಟೇ. ಮುಂದೆ ಮೈಲೋಮಾ (ಪ್ಲಾಸ್ಮಾ ಕಣಗಳ ಕ್ಯಾನ್ಸರ್) ಥರದ ಕಾಯಿಲೆಗೆ ತಿರುಗುವುದು ವರ್ಷಕ್ಕೆ ನೂರರಲ್ಲಿ ಸುಮಾರು ಒಬ್ಬರಿಗೆ. ಬೆನ್ನುನೋವು ಬಸ್ಸಿನದ್ದೇ ಅಂತಾಯಿತು, ಅದಕ್ಕೆ ಫಿಸಿಯೋಥೆರಪಿ ನಡೆದಿದೆ. ಆರು ತಿಂಗಳಿಗೆ ರಕ್ತ ಪರೀಕ್ಷೆಗೆ ಬನ್ನಿ ಅಂದರು. ಸೂಜಿ ಮತ್ತೆ ಹಾಕ್ತೀರಾ ಅಂತ ಕೇಳಿದೆ. ರಕ್ತದಲ್ಲಿ ಬದಲಾವಣೆ ಕಂಡರೆ ಮಾತ್ರ ಅಂದರು.