ಮೂವತ್ತೆಂಟರಲ್ಲಿ ಫೆನ್ಸ್ ದಾಟಿಸಿದೆ

ಹೋದ ಸೀಸನ್‌ನಲ್ಲಿ ಬೇಸ್‌ಬಾಲಿನಲ್ಲಿ 4 ಹೋಮ್ ರನ್ ಹೊಡೆದೆ, ಅಂದರೆ ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ. ನ್ಯೂಜೆರ್ಸಿಯ ಭಾನುವಾರದ ಲೀಗ್, ಮರದ ಬ್ಯಾಟು, ನನಗೆ ವಯಸ್ಸು 38. ಹಿಂದಿನ ಮೂರು ಸೀಸನ್‌ನಲ್ಲಿ ಒಂದೂ ಇರಲಿಲ್ಲ. ತಂಡದಲ್ಲಿದ್ದ ಮಂಡ್ಯದ ಗೆಳೆಯ, "ಗುರೂ, ನಿಂದು ಟೆನಿಸ್ ಬಾಲ್ ಕೈ. ಸಿಂಗಲ್ ತಗೊಂಡು ಲೆಫ್ಟ್ ಫೀಲ್ಡಲ್ಲಿ ನಿಂತ್ಕೊ" ಅಂದಿದ್ದ.

ನನಗೆ ಧೈರ್ಯ ಕೊಟ್ಟಿದ್ದು ಅಮೆರಿಕದ ಮೇಜರ್ ಲೀಗ್‌ನಲ್ಲಿ ಆಡಿದ ಜೆ.ಡಿ. ಮಾರ್ಟಿನೆಜ್. 2013ರಲ್ಲಿ ಹ್ಯೂಸ್ಟನ್ ತಂಡಕ್ಕೆ ಆಡಿ ಹೊಡೆದದ್ದು ಬರೀ 7 ಹೋಮ್ ರನ್. ಆ ಚಳಿಗಾಲದಲ್ಲಿ ಬ್ಯಾಟಿಂಗ್ ಕೋಚ್ ಕ್ರೇಗ್ ವಾಲನ್‌ಬ್ರಾಕ್ ಹತ್ತಿರ ಹೋಗಿ ಸ್ವಿಂಗನ್ನೇ ಬಿಚ್ಚಿ ಹೊಸದಾಗಿ ಕಟ್ಟಿಕೊಂಡ. ಆದರೂ 2014ರ ಮಾರ್ಚ್‌ನಲ್ಲಿ ತಂಡ ಕೈಬಿಟ್ಟಿತು. ಡೆಟ್ರಾಯ್ಟ್ ಕರೆದುಕೊಂಡಿತು: ಆ ವರ್ಷ 23, ಮರುವರ್ಷ 38. 2017ರಲ್ಲಿ 45, ಅದರಲ್ಲಿ ಸೆಪ್ಟೆಂಬರ್ 4ರ ಒಂದೇ ಪಂದ್ಯದಲ್ಲಿ ನಾಲ್ಕು. ಆ ನಾಲ್ಕನ್ನೂ ನಿಧಾನಗತಿಯಲ್ಲಿ ನೂರಾರು ಸಲ ನೋಡಿದ್ದೇನೆ.

ನೋಡಿದ ಮಾತ್ರಕ್ಕೆ ಬರಲಿಲ್ಲ. ಮೊದಲು ಒಬ್ಬ ಕೋಚ್‌ಗೆ ಆರು ಪಾಠಕ್ಕೆ 500 ಡಾಲರ್ ಹತ್ತಿರ ಕೊಟ್ಟೆ. "ಮೇಲಿಂದ ಕೆಳಕ್ಕೆ ಕಡಿ" ಅನ್ನುವುದೊಂದೇ ಅವರ ಮಂತ್ರ. ಹೊಡೆದದ್ದೆಲ್ಲ ಗ್ರೌಂಡರ್, ನೆಲದ ಮೇಲೆ ಉರುಳುವ ಚೆಂಡು. ಆಮೇಲೆ ನಾನೇ ಅತಿಯಾಗಿ ಎತ್ತಲು ಹೋದೆ. ಹಿಂದಿನ ಭುಜ ಕುಸಿಯಿತು, ಇನ್‌ಫೀಲ್ಡ್‌ನಲ್ಲೇ ಕ್ಯಾಚು. ಆ ಸೀಸನ್ ಸುಮಾರು 20 ಸಲ ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಔಟ್. ಮೇಪಲ್ ಬ್ಯಾಟು ಐದು ಮುರಿದವು, ಒಂದೊಂದೂ 90 ಡಾಲರ್ ಮೇಲೆ. ಬಲೆ ಕಟ್ಟಿದ ಅಭ್ಯಾಸದ ಕೇಜ್ ಬಾಡಿಗೆ ಎರಡು ಚಳಿಗಾಲಕ್ಕೆ 1,800 ಡಾಲರ್ ಆಗಿರಬೇಕು. ಹೆಂಡತಿ ಒಮ್ಮೆ ಕಾರ್ಡ್ ಬಿಲ್ ಹಿಡಿದು ಕೂತಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಧ್ಯೆ ಇನ್ನೊಂದು ಪ್ರಯೋಗ. ಟೆನಿಸ್ ಬಾಲಿಗೆ ಒಂದೇ ಬದಿ ಟೇಪ್ ಸುತ್ತಿ, ಗರಾಜಿನಲ್ಲಿ ಭಾಮೈದನ ಕೈಲಿ ಎಸೆಸಿದೆ. ಬಾಗಿ ಬರುವ ಕರ್ವ್‌ಬಾಲ್ ಗುರುತಿಸಲು ಕಣ್ಣು ಪಳಗಿತು ನಿಜ. ಆದರೆ ಹಗುರ ಚೆಂಡಿಗೆ ಒಗ್ಗಿ ಟೈಮಿಂಗ್ ಕೆಟ್ಟಿತು. ಮೂರು ವಾರ ದಂಡ.

ತಪ್ಪು ಸಿಕ್ಕಿದ್ದು ಫೋನಿನ ವಿಡಿಯೋದಲ್ಲಿ. ಹಾಸನದಲ್ಲಿ ಮಿಡ್‌ವಿಕೆಟ್ ಮೇಲೆ ಎತ್ತುತ್ತಿದ್ದ ಹಾಗೇ ಮುಂಗಾಲು ಸರಿಸಿ ಸೊಂಟ ಬೇಗ ತೆರೆಯುತ್ತಿದ್ದೆ. ಚೆಂಡನ್ನು ಇಟ್ಟು ಹೊಡೆಯುವ ಸ್ಟ್ಯಾಂಡಾದ ಟೀಯನ್ನು ಮುಂಗಾಲಿನ ನೇರಕ್ಕಿಟ್ಟು, ಬ್ಯಾಟು ಹಿಂದಿನಿಂದಲೇ ಚೆಂಡಿನ ದಾರಿಗೆ ಬರುವಂತೆ ದಿನಕ್ಕೆ 150 ಹೊಡೆದೆ. ಗುರಿ ಕೇಜಿನ ತುದಿಯ ಮೇಲ್ಬಲೆ. ಎರಡು ತಿಂಗಳಿಗೆ ಚೆಂಡಿನ ಸದ್ದೇ ಬದಲಾಯಿತು. ಚೆಂಡು ಎಸೆಯುವ ಪಿಚರ್ ಕಾಲೆತ್ತುವಾಗ ನಾನು ಏನು ನೋಡುತ್ತೇನೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಮಂಡ್ಯದವನು ಈಗ ಎದುರು ತಂಡದಲ್ಲಿದ್ದಾನೆ.

ಮೊದಲನೆಯದು ಜೂನ್‌ನಲ್ಲಿ, ಸುಮಾರು 330 ಅಡಿಯ ಲೆಫ್ಟ್ ಫೆನ್ಸ್ ಮೇಲೆ. ಎರಡನೇ ಬೇಸ್ ದಾಟುವವರೆಗೂ ನನಗೆ ನಂಬಿಕೆ ಬರಲಿಲ್ಲ. ಮೈಗೆ ಹತ್ತಿರ ನುಗ್ಗುವ ಫಾಸ್ಟ್‌ಬಾಲ್ ಇನ್ನೂ ಕೈಗೆ ಹತ್ತಿಲ್ಲ. ಡಿಸೆಂಬರ್‌ಗೆ ಕೇಜ್ ಬುಕ್ ಮಾಡಿಯಾಗಿದೆ, ಈ ಸಲ ಹೆಂಡತಿಗೆ ಮೊದಲೇ ಹೇಳಿ.