‘ವೇರ್ ದ ರೆಡ್ ಫರ್ನ್ ಗ್ರೋಸ್’ ಕಾದಂಬರಿಯನ್ನು ಮಕ್ಕಳಿಗೆ ಕನ್ನಡದಲ್ಲಿ ಓದಿ ಹೇಳುವ ಬಗೆ

ವಿಲ್ಸನ್ ರಾಲ್ಸ್ ಅವರ 1961ರ ಈ ಕಾದಂಬರಿಯನ್ನು ಎದುರಿಗಿಟ್ಟುಕೊಂಡು ಹತ್ತು ಹನ್ನೆರಡರ ಮಕ್ಕಳಿಗೆ ಕನ್ನಡದಲ್ಲಿ ಹೇಳಬೇಕೆಂದಿರುವವರು ಮೊದಲು ಅದನ್ನು ಕೊನೆಯವರೆಗೂ ತಾವೊಬ್ಬರೇ ಓದಿಕೊಳ್ಳಬೇಕು. ನಡುವೆ ಹುಡುಗನೊಬ್ಬ ಕೊಡಲಿಯ ಮೇಲೆ ಬಿದ್ದು ಸಾಯುತ್ತಾನೆ, ಕೊನೆಯಲ್ಲಿ ಕಥಾನಾಯಕನಾದ ಹುಡುಗ ಬಿಲ್ಲಿಯ ಎರಡೂ ಬೇಟೆನಾಯಿಗಳು ಸಾಯುತ್ತವೆ. ಇವು ಓದುವವರ ದನಿಯನ್ನೇ ಕಟ್ಟಿಹಾಕುವ ಪುಟಗಳು.

ಕಥೆ ನಡೆಯುವುದು ಅಮೆರಿಕದ ಒಕ್ಲಹೋಮದ ಓಝಾರ್ಕ್ ಬೆಟ್ಟಗಳಲ್ಲಿ. ಅಲ್ಲಿನ ರಕೂನ್ ನಮ್ಮ ಕಾಡಿನಲ್ಲಿಲ್ಲವಾದ್ದರಿಂದ, ಕಣ್ಣಿನ ಸುತ್ತ ಕಪ್ಪುಪಟ್ಟಿಯೂ ಬಾಲದಲ್ಲಿ ಬಳೆಯಂಥ ಪಟ್ಟೆಗಳೂ ಇರುವ ಆ ಪ್ರಾಣಿಯ ಚಿತ್ರವನ್ನು ಮೊದಲೇ ತೋರಿಸಿ. ಬೇಟೆಯ ಕ್ರಮವನ್ನೂ ವಿವರಿಸಿ: ನಮ್ಮ ಮುಧೋಳದ ನಾಯಿ ಕಣ್ಣಿಗೆ ಕಂಡದ್ದನ್ನು ಓಡಿ ಹಿಡಿಯುವಂಥದು, ಬಿಲ್ಲಿಯ ಓಲ್ಡ್ ಡ್ಯಾನ್ ಮತ್ತು ಲಿಟಲ್ ಆನ್ ಕತ್ತಲೆಯಲ್ಲಿ ವಾಸನೆ ಹಿಡಿದು ಹೋಗಿ, ರಕೂನನ್ನು ಮರ ಹತ್ತಿಸಿ, ಒಡೆಯ ಬರುವವರೆಗೂ ಬುಡದಲ್ಲಿ ಬೊಗಳುತ್ತ ನಿಲ್ಲುವಂಥವು. ಮರ ಹತ್ತಿಸಿದರೆ ಉಳಿದದ್ದು ತನ್ನ ಪಾಲಿನದು ಎಂದು ಬಿಲ್ಲಿ ಅವಕ್ಕೆ ಮಾತು ಕೊಟ್ಟಿರುತ್ತಾನೆ. ಇಷ್ಟು ತಿಳಿಯದಿದ್ದರೆ, ಅಂಗೈಯಲ್ಲಿ ಬೊಕ್ಕೆಯೆದ್ದರೂ ಅವನು ದೈತ್ಯ ಸಿಕಮೋರ್ ಮರವನ್ನು ಕಡಿಯುತ್ತಲೇ ಇರುವುದು ಮಕ್ಕಳಿಗೆ ಬರೀ ಹಟವಾಗಿ ಕಾಣುತ್ತದೆ.

ಈ ನಾಯಿಗಳನ್ನು ಕೊಳ್ಳಲು ಬಿಲ್ಲಿ ಹಣ ಕೂಡಿಸುವ ಭಾಗಕ್ಕೆ ಒಂದು ಸಂಜೆಯನ್ನೇ ಮೀಸಲಿಡಿ. ಮೀನು ಹಿಡಿಯಲು ಬಂದವರಿಗೆ ತರಕಾರಿ ಮಾರಿ, ಹಣ್ಣು ಕಿತ್ತು ಮಾರಿ, ಎರಡು ವರ್ಷಗಳಲ್ಲಿ ಅವನು ಬೇಕಿಂಗ್ ಪೌಡರಿನ ಹಳೆಯ ಡಬ್ಬಿಯಲ್ಲಿ 50 ಡಾಲರ್ ಕೂಡಿಸುತ್ತಾನೆ. ಡಾಲರಿಗೆ 100 ಸೆಂಟ್ ಎಂದು ಹೇಳಿ ಮಗುವಿನಿಂದಲೇ ಲೆಕ್ಕ ಹಾಕಿಸಿ. ದಿನಕ್ಕೆ ಏಳು ಸೆಂಟಿಗೂ ಕಡಿಮೆ ಎಂಬ ಉತ್ತರ ಬಂದಾಗ ಆ ಡಬ್ಬಿಯ ತೂಕ ತಾನಾಗಿ ತಿಳಿಯುತ್ತದೆ.

ಅಜ್ಜ ಹೇಳಿಕೊಡುವ ಬೋನಿನ ಸನ್ನಿವೇಶವನ್ನು ಆಡಿಯೇ ತೋರಿಸಬಹುದು. ಮರದ ದಿಮ್ಮಿಯಲ್ಲಿ ಕೊರೆದ ತೂತಿನೊಳಗೆ ಹೊಳೆಯುವ ತಗಡಿನ ಚೂರು. ಸುತ್ತ ಓರೆಯಾಗಿ ಹೊಡೆದ ಮೊಳೆಗಳು. ಚೂರನ್ನು ಹಿಡಿದ ರಕೂನ್ ಮುಷ್ಟಿ ಬಿಡದೆ ಸಿಕ್ಕಿಬೀಳುತ್ತದೆ. ಬಾಯಿ ಕಿರಿದಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಗೋಲಿ ಹಾಕಿ, ಮಗುವಿಗೆ ಕೈ ತೂರಿಸಿ ಮುಷ್ಟಿ ಬಿಗಿಯಲು ಹೇಳಿದರೆ ಸಾಕು. ಇದು ನ್ಯಾಯವಾದ ಬೇಟೆಯಲ್ಲವೆಂದು ಅಪ್ಪ ಆ ಮೊಳೆಗಳನ್ನು ಕೀಳಿಸುವುದನ್ನು ಮಾತ್ರ ಬಿಡದೆ ಓದಿ. ನಾವೂ ಬೇಟೆಗೆ ಹೋಗಬಹುದೇ ಎಂದು ಕೇಳಿದರೆ, ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆಯೆಂದು ತಿಳಿಸಿ.

ಕೊನೆಯ ಅಧ್ಯಾಯಗಳನ್ನು ಮಲಗುವ ಹೊತ್ತಿಗೆ ಓದಬೇಡಿ. ರಜೆಯ ದಿನ, ಬೆಳಗಿನ ಹೊತ್ತು ಲೇಸು. ಅಲ್ಲಿ ನಾಯಿಗಳು ಕಾದಾಡುವ ಪರ್ವತಸಿಂಹವೆಂದರೆ ಕೇಸರವಿಲ್ಲದ ದೊಡ್ಡ ಕಾಡುಬೆಕ್ಕು, ಪ್ಯೂಮಾ ಎಂದು ಮೊದಲೇ ಹೇಳಿಬಿಡಿ, ಕಾಳಗದ ನಡುವೆ ಪ್ರಶ್ನೆ ಬಾರದಿರಲಿ. ಅದು ಮಾಡಿದ ಗಾಯಗಳಿಂದ ಡ್ಯಾನ್ ಸತ್ತ ಮೇಲೆ ಆನ್ ಅನ್ನ ಬಿಟ್ಟು ಅವನ ಗೋರಿಯ ಮೇಲೆ ಸಾಯುವುದನ್ನು ಮೆತ್ತಗೆ ಮಾಡಿ ಹೇಳಲು ಹೋಗಬೇಡಿ. ಆ ಇಬ್ಬರ ಗೋರಿಗಳ ನಡುವೆ ಕೆಂಪು ಜರೀಗಿಡ ಬೆಳೆಯುತ್ತದೆ. ಅದರ ಬೀಜವನ್ನು ದೇವದೂತರಷ್ಟೇ ಬಿತ್ತಬಲ್ಲರೆಂಬ ಐತಿಹ್ಯ ಅಲ್ಲಿದೆ. ಜರೀಗಿಡಕ್ಕೆ ಬೀಜವೇ ಇಲ್ಲವಲ್ಲ ಎಂದು ವಿಜ್ಞಾನ ಓದಿದ ಮಗು ಕೇಳಿದರೆ ಹೌದೆಂದು ಒಪ್ಪಿಕೊಂಡು, ಮುಂದಿನ ಸಾಲಿಗೆ ಹೋಗಿ.