ಉಚಿತ ಎಸ್‌ವಿಜಿ ಬರೀ ಚೌಕವಾಗಿ ಕತ್ತರಿಸುತ್ತಿತ್ತು: ಸರಿಪಡಿಸಿದ್ದು ಹೀಗೆ

ಪುಕ್ಕಟೆ ಸಿಕ್ಕ ಬಳ್ಳಿಯ ವಿನ್ಯಾಸ, ಫೈಲ್ ಹೆಸರಿನ ಕೊನೆಯಲ್ಲಿ ಎಸ್‌ವಿಜಿ (ಗೆರೆಗಳಿಂದಾದ ಚಿತ್ರದ ಫೈಲ್) ಅಂತಲೇ ಇತ್ತು. ವಿನೈಲ್ (ಸ್ಟಿಕರ್ ಹಾಳೆ) ಕತ್ತರಿಸುವ ಮಷೀನ್ ಮಾತ್ರ ಬಳ್ಳಿ ಬಿಟ್ಟು ಸುತ್ತಲಿನ ಚೌಕ ಕತ್ತರಿಸುತ್ತಿತ್ತು. ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರ ತಂತ್ರಾಂಶದಲ್ಲಿ ತೆರೆದು ಕ್ಲಿಕ್ ಮಾಡಿದರೆ ಕೆಳಪಟ್ಟಿಯಲ್ಲಿ 'ಪಾತ್' (ಗೆರೆ) ಬದಲು 'ಇಮೇಜ್' ಅಂತ ಬಂತು. ಒಳಗಿದ್ದದ್ದು ಬರೀ ಚುಕ್ಕೆಗಳಿಂದಾದ ಪಿಎನ್‌ಜಿ ಚಿತ್ರ. ಬ್ಲೇಡ್ ಹಿಡಿದು ಸಾಗಲು ಗೆರೆಯೇ ಇಲ್ಲ.

ಚಿತ್ರವನ್ನು ಗೆರೆಯಾಗಿಸಲು ಪಾತ್ ಮೆನುವಿನ ಟ್ರೇಸ್ ಬಿಟ್‌ಮ್ಯಾಪ್‌ನಲ್ಲಿ ಬ್ರೈಟ್‌ನೆಸ್ ಕಟಾಫ್ ಆರಿಸಿ 0.45ರಿಂದ ಶುರು ಮಾಡಿ. ಎಲೆಯ ತೆಳು ತೊಟ್ಟು ಮಾಯವಾದರೆ ಸ್ವಲ್ಪ ಏರಿಸಿ, ಪಕ್ಕದ ಎಲೆಗಳು ಅಂಟಿಕೊಂಡರೆ ಇಳಿಸಿ. ಟ್ರೇಸ್ ಆದದ್ದು ಮೂಲಚಿತ್ರದ ಮೇಲೆಯೇ ಕೂರುತ್ತದೆ. ಪಕ್ಕಕ್ಕೆ ಎಳೆದು, ಕೆಳಗಿನದನ್ನು ಅಳಿಸಬೇಕು. ಗೆರೆಯನ್ನು ಸರಳಗೊಳಿಸುವ ಕಂಟ್ರೋಲ್+ಎಲ್ ಒಂದೇ ಸಲ ಸಾಕು. ಒತ್ತುತ್ತಾ ಹೋದರೆ ಚೂಪು ತುದಿಗಳೆಲ್ಲ ಮೊಂಡಾಗುತ್ತವೆ.

ಬರೀ ಗೆರೆಯಲ್ಲಿ ಬರೆದ ಫೈಲ್‌ಗಳ ತೊಂದರೆ ಬೇರೆ. ಪರದೆಯಲ್ಲಿ ಗೆರೆ ದಪ್ಪಗಿದ್ದರೂ ಬ್ಲೇಡ್ ನಡುವೆ ಒಂದೇ ಸೀಳು ಹಾಕುತ್ತದೆ. ಅದಕ್ಕೆ ಪಾತ್ ಮೆನುವಿನಲ್ಲೇ ಸ್ಟ್ರೋಕ್ ಟು ಪಾತ್ (ದಪ್ಪ ಗೆರೆಯನ್ನು ಅಂಚಿರುವ ಆಕಾರವಾಗಿಸುವುದು), ಆಮೇಲೆ ಯೂನಿಯನ್ (ಆಕಾರಗಳನ್ನು ಒಂದಾಗಿಸುವುದು). ಕನ್ನಡ ಹೆಸರು ಸೇರಿಸುವಾಗಲೂ ಯೂನಿಯನ್ ಮರೆಯಬಾರದು, ಇಲ್ಲದಿದ್ದರೆ ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗುವಲ್ಲಿ ವಿನೈಲ್ ತುಂಡಾಗುತ್ತದೆ. ಅಕ್ಷರಕ್ಕೆ ಬಲೂ ತಮ್ಮ ಫಾಂಟ್ ಒಳ್ಳೆಯದು: ದಪ್ಪ, ಉಚಿತ.

ಸಿಲೂಯೆಟ್ ಮಷೀನಿನ ತಂತ್ರಾಂಶವಾದ ಸಿಲೂಯೆಟ್ ಸ್ಟುಡಿಯೋದ ಬೇಸಿಕ್ ಆವೃತ್ತಿ ಎಸ್‌ವಿಜಿ ತೆರೆಯುವುದಿಲ್ಲ, ಅದು ಇದ್ದವರು ಡಿಎಕ್ಸ್‌ಎಫ್ (ಇನ್ನೊಂದು ಬಗೆಯ ಗೆರೆಚಿತ್ರದ ಫೈಲ್) ಆಗಿ ಉಳಿಸಿಕೊಳ್ಳಿ.

ಉಚಿತ ವಿನ್ಯಾಸ ಹುಡುಕಲು ನನ್ನ ಮೊದಲ ಆಯ್ಕೆ ಓಪನ್‌ಕ್ಲಿಪಾರ್ಟ್ ತಾಣ, ಆಮೇಲೆ ವಿಕಿಮೀಡಿಯ ಕಾಮನ್ಸ್. ಕಾಮನ್ಸ್‌ನಲ್ಲಿ ಪ್ರತಿ ಫೈಲಿನ ಪರವಾನಗಿ ಬೇರೆ ಬೇರೆ: ಸಿಸಿ0 (ಹಕ್ಕು ಬಿಟ್ಟುಕೊಟ್ಟದ್ದು) ಆದರೆ ನಿಶ್ಚಿಂತೆ, ಸಿಸಿ ಬೈ ಆದರೆ ಕಲಾವಿದರ ಹೆಸರು ಹಾಕಲೇಬೇಕು. ಬೇರೆ ತಾಣಗಳಲ್ಲಿ 'ಸ್ವಂತ ಬಳಕೆಗೆ ಮಾತ್ರ' ಎಂದಿದ್ದರೆ ಅದನ್ನು ಮಾರುವ ವಸ್ತುವಿಗೆ ಹಾಕುವಂತಿಲ್ಲ.